ಬೀಗರು ಕಟ್ಟಿದ ಮರದ ಗಾಡಿ

ಜೈಲಿಗೆ ಮಾವನ ಮನೆ ಅಂತ ಹೆಸರಿಟ್ಟವರು ಅದರ ಕೀಲಿಕೈ ಹಿಡಿದವರನ್ನು ಬೀಗರು ಅಂತ ಕರೆಯದೆ ಬಿಡುತ್ತಾರೆಯೇ? ಆ ವಾರ್ಡರಿಗೆ ಕೈದಿಗಳೇ ಇಟ್ಟ ಹೆಸರು ಅದು. ಆಮೇಲೆ ಜೊತೆಯವರ ಬಾಯಲ್ಲೂ ನಿಂತಿತು. ಕಡೆಗೆ ಹೆಂಡತಿಯೂ ಸಿಟ್ಟು ಬಂದಾಗ "ಏನ್ರೀ ಬೀಗರೇ" ಅನ್ನುವಷ್ಟಾಯಿತು. ಆಳು ದಪ್ಪ, ಮಾತು ಕಮ್ಮಿ, ಕೈ ಮುಂದು. ಕೈದಿಗಳಿಗೆ ಹೊಡೆಯುವುದಕ್ಕೆ ಅವರಿಗೆ ಸಿಟ್ಟೇ ಬರಬೇಕಾಗಿರಲಿಲ್ಲ. ಗೇಟು ತೆಗೆದ ಹಾಗೆ, ತಲೆ ಎಣಿಸಿದ ಹಾಗೆ ಅದೂ ಒಂದು ಕೆಲಸ. ಹೊಡೆದು ಬಂದು ಕೈ ತೊಳೆದುಕೊಂಡು ಊಟಕ್ಕೆ ಕೂತರೆ ಒಂದು ತುತ್ತೂ ಕಮ್ಮಿಯಾಗುತ್ತಿರಲಿಲ್ಲ.

ಅವರ ಪಾಳಿ ಜೈಲಿನ ಬಡಗಿ ಶೆಡ್ಡಿನಲ್ಲಿ. ಉದ್ದನೆಯ ತಗಡಿನ ಕಟ್ಟಡ, ಕೈಗೆಟುಕದ ಎತ್ತರದಲ್ಲಿ ಸರಳು ಹಾಕಿದ ಕಿಟಕಿಗಳು, ನೆಲದ ತುಂಬ ಮರದ ಹೊಟ್ಟು. ಶಾಲೆಗಳಿಗೆ ಬೆಂಚು, ಆಸ್ಪತ್ರೆಗಳಿಗೆ ಮಂಚ ಅಲ್ಲೇ ತಯಾರಾಗುತ್ತಿದ್ದವು. ಕೆಲಸ ಹೇಳಿಕೊಡುತ್ತಿದ್ದವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಅವನೂ ಕೈದಿಯೇ. ಸ್ವಂತ ಭಾವಮೈದುನನನ್ನು ಕೊಂದು ಒಳಗೆ ಬಂದವನು. ಅದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಆ ವರ್ಷ ಜೈಲಿನ ಸಾಹೇಬರಿಗೆ ಒಂದು ಆಸೆ ಹುಟ್ಟಿತು. ರಜೆಯಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಲು ಅವರಿಗೊಂದು ಪುಟ್ಟ ಮರದ ಗಾಡಿ ಬೇಕಾಯಿತು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಒಲೆಗೂ ಪಾತ್ರೆಗೂ ಜಾಗ. ಮುಂದೆ ದುಂಡಗೆ, ಹಿಂದೆ ಇಳಿಜಾರು. ಪಕ್ಕದಿಂದ ನೋಡಿದರೆ ಅಡ್ಡ ಬಿದ್ದ ನೀರಿನ ಹನಿಯ ಆಕಾರ. ಮೇಸ್ತ್ರಿ ತೆಳ್ಳಗಿನ ಮರದ ರೀಪು ಬಗ್ಗಿಸಿ ಹಿಡಿದು ಪ್ಲೈವುಡ್ಡಿನ ಮೇಲೆ ಆ ಗೆರೆ ಎಳೆದ ದಿನ ಬೀಗರು ಸ್ಟೂಲು ಬಿಟ್ಟು ಎದ್ದು ಬಂದು ನೋಡಿದರು. ಕೈದಿಗಳು ಒಳಗೊಳಗೇ ನಕ್ಕರು. ಗೋಡೆ ದಾಟಲಾಗದವರ ಕೈಯಲ್ಲಿ ಊರು ಸುತ್ತುವ ಮನೆ ಕಟ್ಟಿಸುತ್ತಿದ್ದಾರಲ್ಲ, ಇವರ ತಲೆಯಲ್ಲಿ ಏನಿದೆ ಅಂತ.

ಗಾಡಿಗೆ ಚಾವಣಿ ಕೂರಿಸುವ ಹೊತ್ತಿಗೆ ಗಲಾಟೆ ಎದ್ದಿತು. ಕಾರಣ ಬೆತ್ತ. ಅದು ಇನ್ನೊಬ್ಬ ವಾರ್ಡರನ ಅಡ್ಡಹೆಸರು. ಹಿಂದಿನ ಸಂಜೆ ಅವನು ಕಾಯಿಲೆಯ ಕೈದಿಯೊಬ್ಬನನ್ನು ಸ್ನಾನದ ಮನೆಗೆ ಎಳೆದುಕೊಂಡು ಹೋಗಿ ಕೈ ಸೋಲುವ ತನಕ ಬಡಿದಿದ್ದ. ಹೊರಗಿನಿಂದ ಚಿಲಕ ಹಾಕಿಕೊಂಡು ನಿಂತಿದ್ದವರು ಬೀಗರು. ಬೆಳಗ್ಗೆ ಚಹಾ ಹಂಚುತ್ತಿದ್ದಾಗ ಆ ಕೈದಿ ಸತ್ತ ಸುದ್ದಿ ಶೆಡ್ಡಿಗೆ ಬಂತು. ಯಾರೂ ಕೂಗಾಡಲಿಲ್ಲ. ಗರಗಸದ ಸದ್ದು ನಿಂತಿತು, ಅಷ್ಟೆ.

ಒಬ್ಬ ಬಾಗಿಲಿಗೆ ತೊಲೆ ಅಡ್ಡ ಕೊಟ್ಟ. ಆ ದಿನ ಬೀಗರ ಜೊತೆ ಪಾಳಿಯಲ್ಲಿದ್ದ ಬೆತ್ತ ಸೀಟಿಯನ್ನು ತುಟಿಗಿಟ್ಟಿದ್ದನೋ ಇಲ್ಲವೋ, ಮರದ ಕೊಡತಿ ಬಂದು ಬಾಯಿಗೇ ಬಿತ್ತು. ಸೀಟಿಯೂ ಹಲ್ಲೂ ಒಟ್ಟಿಗೆ ನೆಲಕ್ಕುದುರಿದವು. ಬೀಗರು ಲಾಠಿ ಬೀಸಿ ಒಬ್ಬನ ಮೊಣಕೈ ಮುರಿದರು, ಇನ್ನೊಬ್ಬನ ಕಿವಿ ಹರಿದರು. ಅಷ್ಟರಲ್ಲಿ ಯಾರೋ ಹಿಂದಿನಿಂದ ಕಾಲಿಗೆ ಹೊಡೆದು ಕೆಡವಿದರು. ಮೂಗಿನ ಮೇಲೆ ಮೊಣಕಾಲು ಬಿದ್ದು ಎಲುಬು ಲಟಕ್ಕೆಂದಿತು. ಇವನನ್ನೂ ಮುಗಿಸಿಬಿಡಿ ಅಂದರು ನಾಲ್ಕಾರು ಜನ.

ಆಗ ಮೇಸ್ತ್ರಿ ಎಲ್ಲರನ್ನೂ ತಳ್ಳಿಕೊಂಡು ಬಂದ. ಬೀಗರನ್ನು ಎತ್ತಿ ಬೆಂಚಿಗೆ ಒರಗಿಸಿದ. ಎಡಗೈಯನ್ನು ಹಲಗೆಯ ಮೇಲೆ ಚಾಚಿಸಿ, ಅಂಗೈ ಮೇಲೆ ಸಣ್ಣ ಉಳಿಯೊಂದನ್ನು ನಿಲ್ಲಿಸಿ ಕೊಡತಿಯಿಂದ ಹೊಡೆದ. ಉಳಿ ಕೈ ದಾಟಿ ಮರಕ್ಕೆ ನಾಟಿತು.

"ಇವನು ನನ್ನ ಪಾಲು. ಯಾರೂ ಮುಟ್ಟಬೇಡಿ" ಅಂದ.

ಆಮೇಲೆ ಬೀಗರ ಕಣ್ಣಿಗೆ ಕಂಡದ್ದು ತಮ್ಮದೇ ರಕ್ತ. ಕಿವಿಗೆ ಮಾತ್ರ ಎಲ್ಲವೂ ಕೇಳುತ್ತಿತ್ತು. ಹಲಗೆ ನಯ ಮಾಡುವ ರಂದಾ ಮೆಷಿನ್ನಿನ ಕಬ್ಬಿಣದ ಅಂಚಿಗೆ ಬೆತ್ತನ ತಲೆ ಅಪ್ಪಳಿಸುವ ಸದ್ದು, ನಡುವೆ ಅವನು ಅಮ್ಮಾ ಅನ್ನುವುದು, ಆಮೇಲೆ ಬರೀ ಸದ್ದು. ಸಾಹೇಬರ ಗಾಡಿಗೆ ಬೆಂಕಿ ಇಟ್ಟರು. ಅದರ ಹೊಗೆ ಹೊರಗೆ ಹೋಗಿದ್ದರಿಂದಲೇ ಪೊಲೀಸರು ಗೋಡೆ ಒಡೆದು ಒಳಗೆ ನುಗ್ಗಿದರು.

ಕೈಗೆ ಉಳಿ ಹೊಡೆದದ್ದಕ್ಕೆ ಮೇಸ್ತ್ರಿಗೆ ಶಿಕ್ಷೆ ಇನ್ನಷ್ಟು ಬೆಳೆಯಿತು. ಬೆತ್ತನ ಕೊಲೆಗೆ ಬೇರೆ ಕೆಲವರು ಸಿಕ್ಕಿಬಿದ್ದರು. ಬೀಗರು ಕೆಲಸ ಬಿಟ್ಟು ಮನೆ ಸೇರಿದರು.

ಮನೆ ಅಂದರೆ ರಸ್ತೆಯ ತುದಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಪಕ್ಕದಲ್ಲಿ ಕಾರು ನಿಲ್ಲಿಸುವ ಶೆಡ್ಡು. ಹೆಂಡತಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ನೂರಾರು ರೋಗಿಗಳಿಗೆ ಗಂಜಿ ಕಾಯಿಸಿ ಬಂದು ಇವರಿಗೂ ಬಡಿಸುವಳು. ಬೀಗರಿಗೆ ಕಣ್ಣು ಮುಚ್ಚಿದರೆ ರಂದಾ ಮೆಷಿನ್ನಿನ ಸದ್ದು, ತೆರೆದರೆ ಕಿಟಕಿಯ ಸರಳು. ಒಂದು ಮಧ್ಯಾಹ್ನ ಗರಗಸ ತಂದು ಮನೆಯ ಕಿಟಕಿಗಳ ಸರಳನ್ನೆಲ್ಲ ಕುಯ್ದು ಹಾಕಿದರು. ಕಳ್ಳರಿಗೆ ಇನ್ನು ಬಾಗಿಲು ಬಡಿಯುವ ಕಷ್ಟವೂ ಇಲ್ಲ ಅಂದಳು ಹೆಂಡತಿ.

ಹೀಗೇ ಒಂದೆರಡು ವರ್ಷ ಕಳೆದ ಮೇಲೆ ಅವರು ಗುಜರಿಯಿಂದ ದೋಣಿ ಸಾಗಿಸುವ ಹಳೆಯ ಗಾಡಿಯ ಚೌಕಟ್ಟನ್ನು ಎಳೆದು ತಂದರು. ಅದರ ಮೇಲೆ ಸಾಹೇಬರಿಗೆ ಕಟ್ಟುತ್ತಿದ್ದಂಥದ್ದೇ ಮರದ ಗಾಡಿ ಕಟ್ಟುವುದಾಗಿ ಹೇಳಿದರು. ಕಂಬಿಯಿಲ್ಲದ ಕಡೆ, ಗೋಡೆಯಿಲ್ಲದ ಕಡೆ ಅದನ್ನು ನಿಲ್ಲಿಸಿಕೊಂಡು ಮಲಗಬೇಕಂತೆ. ಇರೋ ಮಂಚದಲ್ಲಿ ಬಾರದ ನಿದ್ದೆ ಚಕ್ರದ ಮೇಲೆ ಬರುತ್ತದೆಯೇ ಅಂತ ಹೆಂಡತಿ ಕೇಳಿದಳು. ಕೇಳಿದಳಾದರೂ ಪ್ಲೈವುಡ್ಡಿನ ಇನ್ನೊಂದು ತುದಿಯನ್ನು ಅವಳೇ ಹಿಡಿದಳು.

ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಗೆರೆ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಬೀಗರು ಹಲಗೆಯನ್ನು ನೆಲಕ್ಕೆ ಬಡಿದು ಚೂರು ಮಾಡಿ, ಮತ್ತೆ ಹೊಸದು ತರುತ್ತಿದ್ದರು. ಎರಡು ಪಕ್ಕೆ ನಿಂತವು, ಮಧ್ಯೆ ಅಡ್ಡಪಟ್ಟಿ ಬಂದವು, ಅವುಗಳ ಮೇಲೆ ತೆಳುವಾದ ಪ್ಲೈವುಡ್ಡನ್ನು ಬಿಸಿನೀರಲ್ಲಿ ನೆನೆಸಿದ ಬಟ್ಟೆ ಹಾಸಿ ನಿಧಾನವಾಗಿ ಬಗ್ಗಿಸಬೇಕಿತ್ತು. ಬೀಗರಿಗೆ ನಿಧಾನ ಅನ್ನುವುದೇ ಗೊತ್ತಿಲ್ಲ. ಮೊದಲ ಹಾಳೆ ಚಟಾರನೆ ಸೀಳಿತು.

ಎರಡನೆಯ ಹಾಳೆ ಬಗ್ಗಿಸಲು ಅವರು ಗಾಡಿಯೊಳಗೆ ತಲೆ ತೂರಿಸಿ, ಹಾಳೆ ಕದಲದಂತೆ ಒಂದೊಂದೇ ಕ್ಲಾಂಪು ಬಿಗಿಯುತ್ತಿದ್ದ ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆಯಲು ಬಂದಳು. ಕರೆದಳು, ಕೇಳಿಸಲಿಲ್ಲ. ಹಿಂದಿನಿಂದ ಭುಜ ಮುಟ್ಟಿದಳು. ಬೀಗರು ತಿರುಗಿದ್ದೂ ಕೈಯಲ್ಲಿದ್ದ ಕಬ್ಬಿಣದ ಕ್ಲಾಂಪು ಅವಳ ದವಡೆಗೆ ಬಿದ್ದದ್ದೂ ಒಂದೇ ಕ್ಷಣ. ಅವಳು ಕೂಗಲಿಲ್ಲ, ಕೂಗಲು ಬಾಯಿ ತೆರೆಯಲೇ ಇಲ್ಲ. ಕೆಳಗೆ ಬಿದ್ದವಳ ಮೇಲೆ ಇನ್ನೊಂದು ಸಲ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಆಗ ಅವರಿಗೆ ಅವಳು ಯಾರು ಅನ್ನುವುದು ತಿಳಿಯಿತು.

ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ದವಡೆಗೆ ತಂತಿ ಕಟ್ಟಿದರು. ಅವಳೇ ಕಾಯಿಸುತ್ತಿದ್ದ ಗಂಜಿಯನ್ನು ಅವಳಿಗೇ ನಳಿಗೆಯಲ್ಲಿ ಕುಡಿಸಿದರು. ಅಲ್ಲಿಂದ ಅವಳು ಅಕ್ಕನ ಮನೆಗೆ ಹೋದಳು. ಬೀಗರು ಬಾಗಿಲ ತನಕ ಹೋಗಿ, ಷಡ್ಡಕನಿಂದ ಎರಡು ಏಟು ತಿಂದು, ಅದನ್ನು ತಡೆಯದೆ ವಾಪಸು ಬಂದರು.

ತಂತಿ ಬಿಚ್ಚಿದ ಮೇಲೆ ಅವಳೇ ಬಂದಳು. ಮಾತಾಡಿದರೆ ದವಡೆ ಕಟಕ್ ಅನ್ನುತ್ತಿತ್ತು. ಶೆಡ್ಡಿನ ಹೊಸ್ತಿಲಿನಿಂದ ಒಳಗೆ ಬರಲಿಲ್ಲ.

"ಬೇಕು ಅಂತ ಹೊಡೀಲಿಲ್ಲ ನೀವು, ಗೊತ್ತು. ಆದ್ರೆ ಮುರಿದದ್ದು ನನ್ನ ಮೂಳೆ. ನಿಮ್ಮ ಕೈಗೆ ನಾನು ಸಿಗದ ಹಾಗೆ ಮಲಗೋಕೆ ಜಾಗ ಮಾಡಿ. ಆಮೇಲೆ ನೋಡೋಣ."

ಬೀಗರು ಮರುದಿನವೇ ಗಾಡಿಯ ಒಳಗೆ ಉದ್ದಕ್ಕೆ ದಪ್ಪ ಹಲಗೆಯ ಅಡ್ಡಗೋಡೆ ಹಾಕಿದರು. ಈ ಕಡೆ ಅವರಿಗೊಂದು ಬಾಗಿಲು, ಆ ಕಡೆ ಅವಳಿಗೊಂದು. ಅವಳ ಬಾಗಿಲ ಚಿಲಕ ಒಳಗಿನಿಂದ ಮಾತ್ರ ತೆಗೆಯುವಂಥದ್ದು. ಜೀವಮಾನವೆಲ್ಲ ಹೊರಗಿನಿಂದ ಬೀಗ ಜಡಿದವರು ತಮ್ಮ ಕೈಗೆ ಎಟುಕದ ಚಿಲಕವನ್ನು ಕೂರಿಸುವಾಗ ಹಲ್ಲು ಕಚ್ಚಿಕೊಂಡಿದ್ದರು. ಆ ಚಿಲಕವನ್ನು ಹಾಕಿ ತೆಗೆದು ನೋಡಿದ ಮೇಲೆ ಅವಳು ಮನೆಗೆ ವಾಪಸಾದಳು, ರಾತ್ರಿ ಗಾಡಿಯ ತನ್ನ ಕಡೆಯಲ್ಲೇ ಮಲಗಿದಳು.

ಗಾಡಿಗೆ ಬಣ್ಣ ಬಳಿಯುವ ಹೊತ್ತಿಗೆ ಮೇಸ್ತ್ರಿ ಹೆಚ್ಚಿನ ಶಿಕ್ಷೆಯನ್ನೂ ಮುಗಿಸಿ ಬಿಡುಗಡೆಯಾಗಿ ಬಂದ. ಸಂಜೆ, ಬೆಳಕಿನ್ನೂ ಇತ್ತು. ಶೆಡ್ಡಿನ ಬಾಗಿಲಲ್ಲಿ ಒಂದು ನೆರಳು ಬಿತ್ತು. ಬೀಗರು ಮುಖ ನೋಡಿದರು, ಅಷ್ಟೇ ಸಾಕಾಯಿತು. ಕೈಗೆ ಸಿಕ್ಕ ದಪ್ಪ ರೀಪಿನಿಂದ ಅವನ ಹೆಗಲಿಗೆ ಹೊಡೆದರು. ಕೊರಳ ಪಕ್ಕದ ಮೂಳೆ ಮುರಿದ ಸದ್ದು ಅಡುಗೆಮನೆಯ ತನಕ ಕೇಳಿತು. ಮೇಸ್ತ್ರಿ ಗಾಡಿಗೆ ಬಡಿದುಕೊಂಡು ಕುಸಿದ. ಬೀಗರು ಅವನ ಎದೆ ಮೇಲೆ ಕೂತು ಮುಖಕ್ಕೆ ಗುದ್ದಿದರು. ಹುಬ್ಬು ಒಡೆಯಿತು, ತುಟಿ ಒಡೆಯಿತು. ಅವನು ಕೈ ಎತ್ತಲೇ ಇಲ್ಲ. ಹೆಂಡತಿ ಬಾಲ್ದಿ ನೀರು ತಂದು ಇಬ್ಬರ ಮೇಲೂ ಸುರಿದಳು, ಖಾಲಿ ಬಾಲ್ದಿಯಿಂದ ಗಂಡನ ಬೆನ್ನಿಗೆ ಬಲವಾಗಿ ಬಡಿದಳು. ಆಮೇಲೆ ಅವರು ನಿಲ್ಲಿಸಿದರು.

"ಯಾಕೆ ಬಂದೆ?" ಅಂದರು ಬೀಗರು ಏದುಸಿರು ಬಿಡುತ್ತ.

"ಕೈ ನೋಡೋಕೆ" ಅಂದ ಮೇಸ್ತ್ರಿ. ರಕ್ತ ಉಗಿದ. "ಎಲುಬು ತಪ್ಪಿಸಿಯೇ ಹೊಡೆದಿದ್ದೆ. ನಿಮಗೆ ನಾನೇ ಗತಿ ಕಾಣಿಸಿದೆ ಅಂತ ಅವರಿಗೆ ಅನ್ನಿಸಬೇಕಿತ್ತು. ಇಲ್ಲದಿದ್ರೆ ನಿಮ್ಮ ತಲೇನೂ ಆ ಮೆಷಿನ್ನಿಗೇ ಹೋಗ್ತಿತ್ತು."

ಬೀಗರು ಅವನ ಎದೆಯಿಂದ ಇಳಿದು ಮರದ ಹೊಟ್ಟಿನ ಮೇಲೆ ಕೂತರು. ಜೀವ ಉಳಿಸಿದವನ ಮುಖವನ್ನು ಈಗ ತಾನೇ ಜಜ್ಜಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಏನೋ ಹೇಳಹೊರಟರು. ಮೇಸ್ತ್ರಿ ತಲೆಯಾಡಿಸಿ ತಡೆದ.

"ಕೈ ಮುಗಿಯೋಕೆ ಹೋಗಬೇಡಿ. ನಿಮ್ಮನ್ನ ಬಿಟ್ಟು ನಾನು ಆ ಕಡೆಗೇ ಹೋಗಿದ್ದು. ಬೆತ್ತನ ಕೂದಲು ಹಿಡಿದಿದ್ದವನು ನಾನೇ. ಕೊನೇ ತನಕ ಹಿಡಿದಿದ್ದೆ."

ಅವನನ್ನು ಹೆಂಡತಿ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟು ಬಂದಳು. ಮೆಟ್ಟಿಲಿನಿಂದ ಬಿದ್ದೆ ಅಂತ ಅಲ್ಲಿ ಹೇಳಿದನಂತೆ.

ಬೀಗರು ಆಮೇಲೆ ಎಷ್ಟೋ ದಿನ ಗಾಡಿ ಮುಟ್ಟಲಿಲ್ಲ. ಸರಿಯಾಗಿ ತಿನ್ನಲಿಲ್ಲ. ಹೇಳಿದರೆ ತಮ್ಮನ್ನು ಉಳಿಸಿದವನನ್ನು ಹಿಡಿದುಕೊಟ್ಟ ಹಾಗೆ, ಹೇಳದಿದ್ದರೆ ಬೆತ್ತನ ತಲೆಯನ್ನು ತಾವೂ ಹಿಡಿದ ಹಾಗೆ. ಕೊನೆಗೆ ಹೆಂಡತಿಯೇ ಅಂದಳು: "ನೀವೊಬ್ಬರೇ ಕೂತು ತೀರ್ಮಾನ ಮಾಡೋ ವಿಷಯ ಅಲ್ಲ ಇದು. ಸತ್ತವನಿಗೆ ಹೆಂಡತಿ ಇದ್ದಾಳೆ. ಅವಳಿಗೆ ಹೇಳಿ."

ಹಾಗಾಗಿ ಆ ಗಾಡಿಯ ಮೊದಲ ಪ್ರಯಾಣ ಯಾವ ಕೆರೆಯ ದಡಕ್ಕೂ ಆಗಲಿಲ್ಲ. ಬೆತ್ತನ ಹೆಂಡತಿ ಬೇರೆ ಊರಲ್ಲಿ ಗಿಡ ಬೆಳೆಸಿ ಮಾರುವ ಕೆಲಸ ಹಿಡಿದಿದ್ದಳು. ಇವರಿಬ್ಬರೂ ಗಾಡಿಯನ್ನು ಕಾರಿಗೆ ಕಟ್ಟಿಕೊಂಡು ಅಲ್ಲಿಗೆ ಹೋದಾಗ ಅವಳು ಸಲಿಕೆಯಿಂದ ಮಣ್ಣು ತಿರುವುತ್ತಿದ್ದಳು. ಬೀಗರು ನಿಂತಲ್ಲೇ ನಿಂತು ಎಲ್ಲ ಹೇಳಿದರು: ಸ್ನಾನದ ಮನೆಯ ಚಿಲಕ, ಉಳಿ, ಕೂದಲು ಹಿಡಿದ ಕೈ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಲಿಕೆ ಎತ್ತಿಕೊಂಡು ಬಂದಳು. ಬೀಗರು ತಲೆ ಬಗ್ಗಿಸಿ ನಿಂತರು. ಅವಳು ಅವರನ್ನು ದಾಟಿ ಹೋಗಿ ಗಾಡಿಯ ಪಕ್ಕೆಗೆ ಬೀಸಿದಳು. ಹೊಳೆಯುತ್ತಿದ್ದ ಹೊಸ ಪ್ಲೈವುಡ್ಡು ಬಾಯಿಬಿಟ್ಟಿತು. ತೋಳಲ್ಲಿ ಶಕ್ತಿ ಇರುವ ತನಕ ಹೊಡೆದಳು. ಒಂದು ಬಾಗಿಲು ಕಿತ್ತು ಜೋತಾಡಿತು, ದೀಪ ಪುಡಿಯಾಯಿತು. ಗಂಡ ಹೆಂಡತಿ ಇಬ್ಬರೂ ತಡೆಯಲಿಲ್ಲ.

ಸಾಕಾದ ಮೇಲೆ ಅವಳು ಸಲಿಕೆ ಎಸೆದು ಗಾಡಿಯ ಚಕ್ರಕ್ಕೇ ಒರಗಿ ಕೂತಳು.

"ಅವನು ಒಳ್ಳೆಯವನಾಗಿರಲಿಲ್ಲ" ಅಂದಳು. "ಮನೇಲೂ ಹೊಡೀತಿದ್ದ. ಆದ್ರೂ ಅವನ ಸಾವಿಗೆ ಕಾರಣ ಯಾರು ಅನ್ನೋದು ಎಲ್ಲರಿಗೂ ಗೊತ್ತಾಗಬೇಕು. ಕೋರ್ಟಲ್ಲಿ ಹೇಳ್ತೀರಾ?"

ಹೇಳುತ್ತೇನೆ ಅಂದರು ಬೀಗರು.

ಹೇಳಿದರು ಕೂಡ. ತಮ್ಮ ಜೀವ ಉಳಿಸಿದ್ದು ಮೇಸ್ತ್ರಿ ಅನ್ನುವುದನ್ನೂ, ಬೆತ್ತನನ್ನು ಹಿಡಿದವನು ತಾನೇ ಅಂತ ಅವನು ಒಪ್ಪಿಕೊಂಡದ್ದನ್ನೂ ಹೇಳಿದರು. ಸರ್ಕಾರಿ ವಕೀಲ ಮೊದಲನೆಯದನ್ನು ಬಿಡಿಸಲು ನೋಡಿದ, ಬೀಗರು ಬಿಡಲಿಲ್ಲ. ಕೇಳದಿದ್ದರೂ ಸ್ನಾನದ ಮನೆಯ ಬಾಗಿಲ ಹೊರಗೆ ನಿಂತಿದ್ದನ್ನು ಸೇರಿಸಿದರು. ಅದರ ತನಿಖೆ ಇನ್ನೂ ನಡೆಯುತ್ತಿದೆ. ಮೇಸ್ತ್ರಿ ಏನನ್ನೂ ಅಲ್ಲಗಳೆಯದೆ ಮತ್ತೆ ಒಳಗೆ ಹೋದ. ಬೀಗರು ಅವನನ್ನು ನೋಡಲು ಹೋದರೆ ಕೆಲವು ಸಲ ಎದುರು ಬಂದು ಕೂರುತ್ತಾನೆ, ಕೆಲವು ಸಲ ಬರುವುದಿಲ್ಲ.

ಗಾಡಿಯ ಪಕ್ಕೆಗೆ ಬೀಗರು ತೇಪೆ ಹಾಕಿದ್ದಾರೆ. ಬಣ್ಣ ಹೊಂದಿಲ್ಲ, ಮಳೆ ಬಂದರೆ ಅಲ್ಲೇ ಸೋರುತ್ತದೆ. ಹೆಂಡತಿಗೆ ರಜೆ ಸಿಕ್ಕಾಗ ಇಬ್ಬರೂ ಊರ ಹೊರಗೆ ಎಲ್ಲಾದರೂ ನಿಲ್ಲಿಸಿಕೊಂಡು ಮಲಗುತ್ತಾರೆ. ಬೀಗರಿಗೆ ಒಮ್ಮೊಮ್ಮೆ ಒಳ್ಳೆಯ ನಿದ್ದೆ ಬರುತ್ತದೆ. ಒಮ್ಮೊಮ್ಮೆ ನಿದ್ದೆಯಲ್ಲೇ ಅಡ್ಡಹಲಗೆಗೆ ಗುದ್ದಿ, ಗೆಣ್ಣಿನ ಚರ್ಮ ಸುಲಿದುಕೊಂಡು ಏಳುತ್ತಾರೆ. ಆಗ ಆ ಕಡೆಯಿಂದ ಹೆಂಡತಿ, ಯಾರೂ ಇಲ್ಲ ಮಲಗಿ, ನಾನೇ ಇರೋದು ಅನ್ನುತ್ತಾಳೆ. ಬೆಳಗ್ಗೆ ಅವಳೇ ಮೊದಲು ಎದ್ದು ಹಿಂದಿನ ಮುಚ್ಚಳ ಎತ್ತಿ ಒಲೆ ಹಚ್ಚುತ್ತಾಳೆ. ಚಹಾ ಕುದಿಯುವ ತನಕ ಬೀಗರು ಅವಳ ಎದುರಿಗೆ, ಅವಳಿಗೆ ಪೂರ್ತಿ ಕಾಣುವ ಹಾಗೆ, ಕಲ್ಲಿನ ಮೇಲೆ ಕೂತು ಗೆಣ್ಣಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ.