ಗಂಗಣ್ಣನ ಒಪ್ಪದ ಮಾತು

ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದು ಕೋಟನ್ನು ಬಕೆಟ್ಟಿನಲ್ಲಿ ನೆನೆಹಾಕುವಾಗ ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ದಿನವೂ ಇರುವ ವಾಸನೆಯೇ. ಆದರೆ ಕೆಲವು ದಿನ, ನಿಮಗೂ ಹೀಗಾಗಿರಬಹುದು, ಹಳೆಯ ವಾಸನೆ ಯಾರನ್ನೋ ಕರೆತಂದು ಎದುರಿಗೆ ನಿಲ್ಲಿಸಿಬಿಡುತ್ತದೆ. ನನ್ನೆದುರು ನಿಂತದ್ದು ಗಂಗಣ್ಣ.

ಸೋಂಪುರದ ನಮ್ಮ ಕಾರ್ಖಾನೆಯಲ್ಲಿ ಆತ ಸೂಪರ್‌ವೈಸರ್. ಮೆಷಿನ್ ಕೆಲಸದಲ್ಲಿ ಇಂತಿಷ್ಟು ಜಾಗ ಹೆಂಗಸರಿಗೇ ಎಂದು ಕಂಪನಿ ತೀರ್ಮಾನಿಸಿದ ವರ್ಷ ನಾನು ಸೇರಿದೆ. ಗೇಟಿನ ಬಳಿ ನನ್ನ ದೊಡ್ಡ ಫೋಟೋ ಹಾಕಿದ್ದರು: ತಲೆಗೆ ಹೆಲ್ಮೆಟ್ಟು, ಮುಖದಲ್ಲಿ ನಗು, ಕೈಯಲ್ಲಿ ತಲೆಕೆಳಗಾಗಿ ಹಿಡಿದ ಸ್ಪ್ಯಾನರ್. ನಮ್ಮೂರಿನವರು ಬಸ್ಸಿನಿಂದ ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನೂ ನೋಡಿಕೊಳ್ಳುತ್ತಿದ್ದೆ ಅನ್ನಿ.

ಒಂದು ದಿನ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಗಂಡಸರು ಹೆಂಗಸರು ಒಟ್ಟಿಗೆ ಕೆಲಸ ಮಾಡುವ ಬಗ್ಗೆ ತರಬೇತಿ ಕೊಟ್ಟರು. ಬೆಂಗಳೂರಿನಿಂದ ಬಂದ ಮೇಡಂ, "ಇಲ್ಲಿ ಎಲ್ಲರ ಅಭಿಪ್ರಾಯಕ್ಕೂ ಜಾಗ ಇದೆ, ಮುಕ್ತವಾಗಿ ಮಾತಾಡಿ" ಎಂದರು. ಗಂಗಣ್ಣ ಎದ್ದು ನಿಂತ.

"ಹೆಣ್ಮಕ್ಳು ಬರ್ಲಿ ಮೇಡಂ, ಬ್ಯಾಡ ಅನ್ನಲ್ಲ. ಆದ್ರೆ ಇಷ್ಟು ಜಾಗ ಇವ್ರಿಗೇ ಅಂತ ಎತ್ತಿಡೋದು ನಂಗೆ ಸರಿ ಕಾಣಲ್ಲ. ಕೆಲ್ಸ ನೋಡಿ ತಗೊಳ್ಳಿ."

ನನಗೆ ಮೈ ಉರಿಯಿತು. ಎತ್ತಿಡದೇ ಹೋಗಿದ್ದರೆ ನನ್ನನ್ನು ಗೇಟಿನೊಳಗೆ ಯಾರು ಬಿಡುತ್ತಿದ್ದರು? ಎದ್ದು ಹಾಗೆಯೇ ಕೇಳಿದೆ. ಆತ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಊಟಕ್ಕೆ ಬಿಟ್ಟರು.

ಮರುದಿನ ಗಂಗಣ್ಣ ಲೈನಿನಲ್ಲಿರಲಿಲ್ಲ. ಹಿಂದುಗಡೆಯ ಗೋಡೌನಿಗೆ ಹಾಕಿದ್ದರು. ಪಕ್ಕದ ಮೆಷಿನ್ನಿನ ಸವಿತಾ, "ಒಳ್ಳೇದೇ ಆಯ್ತು ಬಿಡೇ" ಅಂದಳು. ನನಗೆ ಹಾಗನ್ನಿಸಲಿಲ್ಲ. ಜಗಳ ನನ್ನದು, ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಗಿಸಿದ್ದರು. ನಾಳೆ ನಾನು ಎದ್ದು ನಿಂತು ರಾತ್ರಿ ಪಾಳಿಗೆ ವ್ಯಾನ್ ಬೇಕೆಂದರೆ ನನಗೂ ಗೋಡೌನೇ ತಾನೆ?

ಮ್ಯಾನೇಜರ್ ಬಳಿ ಹೋದೆ.

"ಸಾರ್, ಗಂಗಣ್ಣನ ಮಾತು ನಂಗೂ ಒಪ್ಗೆ ಇಲ್ಲ. ಆದ್ರೆ ಮೇಡಂ ಕೈಲಿ ಮಾತಾಡಿ ಅನ್ನಿಸ್ದೋರು ನೀವೇ."

"ನಿನ್ ಪರವಾಗೇ ಮಾಡಿದ್ದಲ್ವೇನಮ್ಮ?"

"ನನ್ ಪರವಾಗಿ ಆದ್ರೆ ವಾಪಸ್ ಕರೀರಿ. ಇಲ್ದಿದ್ರೆ ಗೇಟಲ್ಲಿರೋ ನನ್ ಫೋಟೋ ತೆಗೆಸ್ಬಿಡಿ."

ಅವರು ನೋಡೋಣ ಎಂದು ಸಾಗಹಾಕಿದರು. ಮತ್ತೆ ಹೋದಾಗ ಸವಿತಾಳೂ ಜೊತೆಗೆ ಬಂದಳು. ಆಮೇಲೆ ಲೈನಿನ ಹೆಂಗಸರೆಲ್ಲ ಬಂದು ನಿಂತರು. ಕೊನೆಗೆ ಗಂಗಣ್ಣನನ್ನು ವಾಪಸ್ ಕರೆಸಿದರು.

ಉಪಕಾರ ಆಯಿತು ಎಂದೇನೂ ಆತ ಹೇಳಲಿಲ್ಲ. ಟೀ ಹೊತ್ತಿಗೆ ಪಕ್ಕದಲ್ಲಿ ಕೂತು, "ಆದ್ರೂ ನಾನ್ ಹೇಳಿದ್ದೇ ಸರಿ ಕಣಮ್ಮ" ಅಂದ.

"ಅಲ್ಲ ಕಣಣ್ಣ" ಅಂದೆ.

ಆತ ನಿವೃತ್ತನಾಗುವವರೆಗೂ ಇದೇ ವಾದ. ಇಬ್ಬರೂ ಕೂದಲೆಳೆಯಷ್ಟೂ ಜರುಗಲಿಲ್ಲ.

ಈಗ ಆ ತರಬೇತಿ ನಡೆಸುವವಳು ನಾನು. ನಿನ್ನೆ, ಹೊಸದಾಗಿ ಸೇರಿದ ಹೆಂಗಸೊಬ್ಬಳು ಎದ್ದು, "ಅಕ್ಕಾ, ನೀವ್ ಹೇಳ್ತಿರೋದು ಒಂದೂ ನಂಗೆ ಸರಿ ಅನ್ನಿಸ್ತಿಲ್ಲ" ಅಂದಳು. ಚುರುಕ್ಕೆಂದಿತು, ಸುಳ್ಳೇಕೆ. ಮೈಕನ್ನು ಅವಳ ಕೈಗೆ ಕೊಟ್ಟು ಕೂತೆ. ಬಹಳ ಹೊತ್ತು ಮಾತಾಡಿದಳು. ನಾನಿನ್ನೂ ಒಪ್ಪಿಲ್ಲ.

ಇವತ್ತು ಬೆಳಿಗ್ಗೆ ನನ್ನ ಕೆಲಸ ಶುರುಮಾಡುವ ಮೊದಲು, ಅವಳು ತನ್ನ ಮೆಷಿನ್ ಮುಂದೆಯೇ ಇದ್ದಾಳೆಯೇ ಎಂದು ಹೋಗಿ ನೋಡಿದೆ. ಇದ್ದಳು.