ಸೊಪ್ಪಿನ ಶೆಡ್ಡಿನಲ್ಲಿ ಪೇಪರ್ ಓದುವ ಪುಟ್ಟಮಾದಮ್ಮ

ಪಿರಿಯಾಪಟ್ಟಣದ ಬಳಿ ನನ್ನ ಗೆಳೆಯ ನೀಲಕಂಠಸ್ವಾಮಿಯ ಹೊಗೆಸೊಪ್ಪಿನ ಶೆಡ್ಡಿಗೆ ಕಾಲಿಟ್ಟದ್ದೇ ತಡ, ನನಗೆ ಒಂಬತ್ತು ಸೀನು ಬಂದವು. ಒಂಬತ್ತನೆಯದಕ್ಕೆ ಕನ್ನಡಕವೂ ಹಾರಿತು. ಸೊಪ್ಪು ವಿಂಗಡಿಸುತ್ತಿದ್ದ ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ನಡುವೆ ಕೂತು ಜೋರಾಗಿ ಪೇಪರ್ ಓದುತ್ತಿದ್ದ ಪುಟ್ಟಮಾದಮ್ಮ ಮಾತ್ರ ನಗಲಿಲ್ಲ.

"ಮುಗೀತಾ ಸಾ? ಸುದ್ದಿ ಅರ್ಧಕ್ಕೆ ನಿಂತದೆ."

ಆ ಪೇಪರಿಗೆ ವಾರಕ್ಕೊಮ್ಮೆ ನಗೆಬರಹ ಬರೆಯುವವನು ನಾನೇ ಎಂದು ಹೇಳಿಕೊಂಡೆ.

"ಅದಾ? ಅದ ಬುಟ್ಟು ಓದ್ತೀನಿ."

ಅವಳು ಓದುವಷ್ಟು ಹೊತ್ತು ಅವಳ ಪಾಲಿನ ಸೊಪ್ಪನ್ನು ಉಳಿದವರು ವಿಂಗಡಿಸಿಕೊಡುವುದು ಇಲ್ಲಿನ ಪದ್ಧತಿ. ಈ ಚಟ ಅವಳಿಗೆ ಬಿಳಿಕೆರೆಯ ತಾತ ಗೋವಿಂದಯ್ಯನಿಂದ ಬಂದದ್ದು. ಆಗ ಊರಿಗೆ ಬರುತ್ತಿದ್ದದ್ದು ಒಂದೇ ಪೇಪರು, ಅದೂ ಮೂರು ದಿನ ಹಳೆಯದು. ಕಟ್ಟೆಯ ಮೇಲೆ ತಾತ ಓದುವನು, ಊರೆಲ್ಲ ಕೇಳುವುದು. ಯುದ್ಧ, ಮಹಾರಾಜರ ಸವಾರಿ ಓದುವವರೆಗೆ ಪಟೇಲರೂ ತಲೆದೂಗಿದರು. ಬಿಟ್ಟಿ ದುಡಿಸುವುದು ತಪ್ಪೆಂದು ಬರೆದದ್ದನ್ನು ಓದಿದ ಮರುದಿನ ಅವರ ಗದ್ದೆಗೆ ಒಂದಾಳೂ ಇಳಿಯಲಿಲ್ಲ. ಪಟೇಲರು ಪೇಪರ್ ಕಿತ್ತುಕೊಂಡರು. ತಾತ ಬಾಯಿಪಾಠ ಒಪ್ಪಿಸಿದ.

ಕಳೆದ ವಾರ ಈ ಶೆಡ್ಡಿನಲ್ಲೂ ಅದೇ ಕಥೆ. ಬೇರೆಲ್ಲೋ ಸೊಪ್ಪಿನ ಹೆಂಗಸರು ಹಟ ಹಿಡಿದು ಗ್ಲೌಸು, ಮಾಸ್ಕು ಪಡೆದ ಸುದ್ದಿಯನ್ನು ಪುಟ್ಟಮಾದಮ್ಮ ಓದಿದಳು. ಮಾರನೆಯ ದಿನ ಇಲ್ಲಿಯ ಇಪ್ಪತ್ತೂ ಜನ ಕೈಕಟ್ಟಿ ಕೂತರು. ಸ್ವಾಮಿ ಗ್ಲೌಸು ತರಿಸುತ್ತೇನೆಂದು ಒಪ್ಪಿದ. ಶೆಡ್ಡಿನಲ್ಲಿ ಪೇಪರ್ ಓದುವುದನ್ನು ನಿಲ್ಲಿಸಬೇಕೆಂದೂ ತೀರ್ಮಾನಿಸಿದ. ಅದನ್ನು ಅವಳಿಗೆ ಹೇಳುವ ಧೈರ್ಯ ಸಾಲದೆ ನನ್ನನ್ನು ಕರೆಸಿದ್ದ. ಧೈರ್ಯಕ್ಕೆ ನನ್ನನ್ನು ಕರೆಸಿದವನ ಪರಿಸ್ಥಿತಿ ನೀವೇ ಊಹಿಸಿ.

"ಬರೀ ರಾಶಿಭವಿಷ್ಯ ಓದಮ್ಮ, ಸಾಕು," ಎಂದೆ.

ಅವಳು ಸೊಪ್ಪಿನ ಮೇಣ ಹತ್ತಿ ಕಪ್ಪಾಗಿದ್ದ ಅಂಗೈ ತೋರಿಸಿದಳು. "ನಮ್ ಭವಿಷ್ಯ ಇಲ್ಲೇ ಕಾಣ್ತದೆ ಬುಡಿ ಸಾ."

ಸ್ವಾಮಿ ರೇಗಿದ. "ಪೇಪರ್ ಓದೋರು ನಾಳೆಯಿಂದ ಕೆಲ್ಸಕ್ಕೆ ಬರ್ಬ್ಯಾಡಿ!"

"ನಾಳೆಗಂಟ ಯಾಕ್ ಕಾಯದು?" ಪುಟ್ಟಮಾದಮ್ಮ ಎದ್ದು ಹೊರನಡೆದಳು. ಹಿಂದೆಯೇ ಹತ್ತೊಂಬತ್ತು ಜನ. ಹೊಂಗೆಮರದ ಕೆಳಗೆ ಕೂತು, ಓದು ನಿಲ್ಲಿಸಿದ್ದ ಸಾಲಿನಿಂದಲೇ ಮುಂದುವರಿಸಿದಳು.

ಇನ್ನೆರಡು ದಿನಕ್ಕೆ ಸೊಪ್ಪಿನ ಹರಾಜು. ವಿಂಗಡಿಸದ ಸೊಪ್ಪನ್ನು ಅಲ್ಲಿ ಯಾರೂ ಮೂಸುವುದಿಲ್ಲ. "ತಾಳ್ಮೆ ಇರಲಿ," ಎಂದು ನಾನು ಹೇಳುತ್ತಲೇ ಇದ್ದೆ. ಸ್ವಾಮಿ ನನ್ನನ್ನು ದಾಟಿಕೊಂಡು ಮರದ ಹತ್ತಿರ ಹೋಗಿ ಮೂರು ಸಲ ಕೆಮ್ಮಿದ.

"ಒಳಕ್ಕೆ ಬನ್ನಿ ಕಣ್ರಮ್ಮ. ಓದ್ಕೊಳಿ. ಅಲ್ಲಾ ಪುಟ್ಟಮಾದಮ್ಮ, ನಾಳೆ ನನ್ ಮೇಲೇ ಏನಾರ ಪೇಪರಲ್ಲಿ ಬಂದ್ರೆ ಏನ್ ಮಾಡ್ತೀಯೆ?"

"ಎಲ್ಡು ಸಲ ಓದ್ತೀನಿ, ಸ್ವಾಮ್ಯೋರೆ."