ಹರಾಜಿನ ಗೇಟಿಗೆ ಬಾರದ ಸಮವಸ್ತ್ರ

ಗೌರಿ ಹಬ್ಬದ ರವಿಕೆಗಳೆಲ್ಲ ಹೋಗಿ ಹುಣಸೂರಿನ ನನ್ನ ಹೊಲಿಗೆ ಅಂಗಡಿ ಬಿಕೋ ಎನ್ನುತ್ತಿದ್ದ ಹೊತ್ತಿಗೆ ಸರಿಯಾಗಿ ಒಬ್ಬ ಗಿರಾಕಿ ದೊಡ್ಡದೊಂದು ಬಟ್ಟೆಯ ಗಂಟನ್ನು ತಂದು ಮೇಜಿನ ಮೇಲೆ ಕೆಡವಿದರು. ಬಿಚ್ಚಿದೊಡನೆ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಹಸಿರು, ಕಂದು, ಮಣ್ಣಿನ ಬಣ್ಣದ ಮಚ್ಚೆಗಳು, ಸೈನಿಕರು ತೊಡುವಂಥದೇ. ಅವರದು ಕಾವಲಿಗೆ ಜನ ಕಳಿಸುವ ಏಜೆನ್ಸಿಯಂತೆ. ಬೆಲೆ ಬೀಳುವ ಸುದ್ದಿ ಇರುವುದರಿಂದ ಈ ಸಲ ರೈತರು ತಂಬಾಕು ಹರಾಜಿನ ಗೇಟಿಗೆ ಅಡ್ಡ ಕೂರಬಹುದು, ಅಲ್ಲಿ ನಿಲ್ಲಿಸಲು ತನ್ನ ಹುಡುಗರಿಗೆ ಅಂಗಿ ಪ್ಯಾಂಟು ಬೇಕು ಎಂದರು. ಮಿಲಿಟರಿಯವರ ಬಟ್ಟೆಯನ್ನು ಹೊರಗಿನವರು ಹಾಕಬಾರದಲ್ಲವೇ ಎಂದು ಕೇಳಿದೆ. ಇದು ಅದೇ ಅಲ್ಲ, ಮಚ್ಚೆ ಸ್ವಲ್ಪ ಬೇರೆ ಎಂದು ನಕ್ಕರು. ಆಮೇಲೆ ಬಾಗಿಲ ಹತ್ತಿರ ನಿಂತು, "ನೋಡಿದ ತಕ್ಷಣ ಜನ ಎದ್ದು ಹೋಗ್ಬೇಕು ಕಣಮ್ಮ, ಹಂಗೆ ಹೊಲಿ" ಎಂದರು.

ನಾನಾದರೋ ಒಂದು ಹುಕ್ಕಿಗೋಸ್ಕರ ಗಿರಾಕಿಯ ಜೊತೆ ಇಡೀ ಮಧ್ಯಾಹ್ನ ವಾದ ಮಾಡುವ ಹೆಂಗಸು. ಅವತ್ತು ಮಾತ್ರ ಬಾಯಿಗೆ ಹೊಲಿಗೆ ಬಿದ್ದಂತೆ, ನಾಳೆ ಹೇಳ್ತೀನಿ ಎಂದುಬಿಟ್ಟೆ. ಸುಳ್ಳೇಕೆ ಹೇಳಲಿ, ಖಾಲಿ ಕೂತ ದಿನಗಳಲ್ಲಿ ಅಷ್ಟು ಕೆಲಸ ನೋಡಿ ಆಸೆಯೂ ಆಗಿತ್ತು. ಆದರೆ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಂತೆ ನಮ್ಮ ಮಿಲ್ಟ್ರಿ ಮಾವ ನೆನಪಾದರು, ಅಷ್ಟೇ; ಆಸೆಯೆಲ್ಲ ಇಳಿದುಹೋಯಿತು.

ಮಾವ ಎಂದರೆ ನಮ್ಮವ್ವನ ತಮ್ಮ. ರಾವಂದೂರಿನ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮನೆ. ಸೇನೆಯಿಂದ ನಿವೃತ್ತರಾಗಿ ಬಂದಾಗ ಅವರ ಜೊತೆ ಬಂದಿದ್ದು ಒಂದು ಕರಿ ಟ್ರಂಕು, ಅದರೊಳಗೆ ನುಸಿಗುಳಿಗೆ ವಾಸನೆಯ ಸಮವಸ್ತ್ರ. ಊರಿನವರು ಒಂದು ತಪ್ಪು ತಿಳಿದುಕೊಂಡರು. ಮದುವೆಗೆ ದೊಡ್ಡ ಹಂಡೆ, ಮನೆ ಮಾಡಿಗೆ ಏಣಿ ಎರವಲು ತರುವ ಹಾಗೆ, ಜಗಳಕ್ಕೆ ಮಿಲ್ಟ್ರಿಯವರನ್ನು ಎರವಲು ತರಬಹುದು ಅಂತ. ಕೆರೆ ನೀರಿನ ಸರದಿಗೆ ಜಗಳವೇ, ಬದು ಒತ್ತಿದರೇ, ಎಮ್ಮೆ ಸಸಿಮಡಿ ತುಳಿಯಿತೇ, ಮಾವನ ಬಾಗಿಲಿಗೆ ಬರುವುದು. ಏನೂ ಮಾತಾಡುವುದು ಬೇಡ, ಡ್ರೆಸ್ ಹಾಕಿಕೊಂಡು ಸುಮ್ಮನೆ ಬಂದು ನಿಲ್ಲಿ ಎನ್ನುವುದು. ಒಬ್ಬ ಅತ್ತೆಯಂತೂ ಸೊಸೆಗೆ ಹೆದರಿಕೆ ಹುಟ್ಟಿಸಲು ಕರೆದಿದ್ದಳು.

ಮಾವ ಎಲ್ಲ ಕಡೆಗೂ ಹೋಗುತ್ತಿದ್ದರು, ಆದರೆ ಬನಿಯನ್ನು, ಪಂಚೆ, ಹೆಗಲ ಮೇಲೊಂದು ಟವೆಲು. "ನಾನು ಬತ್ತೀನಿ, ಬಟ್ಟೆ ಬರಾಕಿಲ್ಲ" ಎನ್ನುತ್ತಿದ್ದರು. ಹೋಗಿ ಏನು ಕಡಿದು ಕಟ್ಟೆ ಹಾಕಿದರು ಎಂದು ಕೇಳಬೇಡಿ. ನ್ಯಾಯ ಹೇಳುವ ಕಲೆ ಅವರಿಗೆ ಒಂಚೂರೂ ಗೊತ್ತಿರಲಿಲ್ಲ. ಬಹಳ ಸಲ ಜಗಳವಾಡುತ್ತಿದ್ದ ಎರಡೂ ಕಡೆಯವರು ಒಂದಾಗಿ ಮಾವನ ಮೇಲೇ ರೇಗಿ ಕಳಿಸುತ್ತಿದ್ದರು. ಇದೂ ಒಂದು ರಾಜಿಯೇ ಬುಡು ಎಂದು ಅವ್ವ ನಗುತ್ತಿದ್ದಳು.

ಟ್ರಂಕು ತೆರೆಯುತ್ತಿದ್ದುದು ಶಾಲೆಯಲ್ಲಿ ಬಾವುಟ ಏರಿಸುವ ದಿನಗಳಲ್ಲಿ ಮಾತ್ರ. ಅದಕ್ಕೆ ವರ್ಷವರ್ಷವೂ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದವಳು ಆಗಿನ್ನೂ ಹೊಲಿಗೆ ಕಲಿಯುತ್ತಿದ್ದ ನಾನು. ದೇಶ ಬೆಳೀತೈತೆ ಕಣವ್ವ ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದರು.

ಆ ದಿನಗಳಲ್ಲೇ ಒಂದು ವರ್ಷ ತಂಬಾಕಿನ ಬೆಲೆ ನೆಲ ಕಚ್ಚಿತು. ರೈತರು ಹರಾಜು ನಿಲ್ಲಿಸಿ ಗೇಟಿನ ಮುಂದೆ ಕೂತರು. ನಮ್ಮಪ್ಪ ಮೊದಲ ಸಾಲಿನಲ್ಲಿ. ನಮ್ಮ ವರ್ಷದ ದುಡಿಮೆಯ ಬಹುಪಾಲು ತಂಬಾಕು ಸೊಪ್ಪಿನ ಬೇಲುಗಳಾಗಿ ಆ ಗೇಟಿನ ಒಳಗಿತ್ತು. ಎರಡನೆಯ ದಿನ ಮಾವ, ಅವ್ವ, ನಾನು ಜಗಲಿಯ ಮೇಲೆ ಉಳಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಾಗ ಜೀಪೊಂದು ಬಂದು ನಿಂತಿತು. ಇಳಿದವರು ಒಬ್ಬ ಅಧಿಕಾರಿ. ಕೆಟ್ಟ ಮನುಷ್ಯರೇನಲ್ಲ, ಸರಿಯಾಗಿ ನಿದ್ದೆ ಮಾಡಿರಲಿಲ್ಲ ಪಾಪ. ಪೊಲೀಸರು ಸಾಲುತ್ತಿಲ್ಲ, ನೀವು ಸುತ್ತಮುತ್ತಲಿನ ನಿವೃತ್ತ ಸೈನಿಕರನ್ನು ಕೂಡಿಸಿಕೊಂಡು ಯೂನಿಫಾರ್ಮಿನಲ್ಲಿ ಬಂದು ಗೇಟಿನ ಬಳಿ ನಿಲ್ಲಿ, ಯಾರನ್ನೂ ಮುಟ್ಟುವುದು ಬೇಡ ಎಂದರು. ಅವ್ವನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಗಂಡ ಆ ಕಡೆ ಕೂತಿದ್ದಾನೆ, ತಮ್ಮನನ್ನು ಈ ಕಡೆ ನಿಲ್ಲಿಸಲು ಬಂದಿದ್ದಾರೆ.

ಇದಕ್ಕೆ ಯಾರ ಅಪ್ಪಣೆ ಎಂದು ಮಾವ ಕೇಳಿದರು. ಬಾಯಿಮಾತಿನ ಸಹಾಯ ಅಷ್ಟೇ ಎಂದರು ಅವರು. ಮಾವ ನಿಧಾನವಾಗಿ ವಿವರಿಸಿದರು. ಸೇವೆಯಲ್ಲಿದ್ದಾಗಲೇ ದೇಶದ ಒಳಗೆ ಜನರ ಎದುರು ಸೇನೆ ತನ್ನಷ್ಟಕ್ಕೆ ತಾನು ಇಳಿಯುವಂತಿರಲಿಲ್ಲ. ಪೊಲೀಸರ ಕೈಮೀರಿದ ಮೇಲೆ ಮ್ಯಾಜಿಸ್ಟ್ರೇಟು ಕರೆಯಬೇಕು, ಎಷ್ಟು ಕಡಿಮೆ ಬಲಕ್ಕೆ ಆಗುತ್ತದೋ ಅಷ್ಟರಲ್ಲೇ ಮುಗಿಸಬೇಕು, ಮುಗಿದೊಡನೆ ಬ್ಯಾರಕ್ಕಿಗೆ ವಾಪಸು. ಈಗ ತಾನು ಸೈನಿಕನೂ ಅಲ್ಲ, ತಂಬಾಕು ಬೆಳೆಯುವವನು. ಅಧಿಕಾರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೂ, ನೀವು ಅರ್ಜಿ ಹಾಕಿರುವ ಬ್ಯಾಂಕಿನ ಕಾವಲು ಕೆಲಸಕ್ಕೆ ನಿಮ್ಮ ಹೆಸರು ನಮ್ಮ ಕಡೆಯಿಂದಲೇ ಹೋಗಬೇಕು, ನೆನಪಿರಲಿ ಎಂದರು. ಆ ಕೆಲಸವನ್ನೇ ನಂಬಿ ಮಾವ ಮಗಳ ಮದುವೆ ಗೊತ್ತು ಮಾಡಿದ್ದರು.

"ಕೆಲ್ಸ ಬ್ಯಾರೆಯೋರ್ಗೆ ಕೊಡಿ ಸ್ವಾಮಿ" ಎಂದರು ಮಾವ. "ಆ ಬಟ್ಟೆ ಗಡೀಲಿ ನಿಲ್ಲಾಕೆ ಕೊಟ್ಟಿದ್ದು. ನಮ್ ಬಾವನ ಮುಂದೆ ನಿಲ್ಲಾಕಲ್ಲ."

ಜೀಪು ಹೋದ ಮೇಲೆ ಅವ್ವ, ಕೆಲಸ ಹೋಯ್ತಲ್ಲ ಕಣಪ್ಪ ಎಂದಳು. ಆಗ ಮಾವ ಅದುವರೆಗೂ ಯಾರಿಗೂ ಹೇಳಿರದ ಸಂಗತಿ ಹೇಳಿದರು. ಒಂದು ಸಲ ಗಲಭೆಯಾದ ಯಾವುದೋ ಪಟ್ಟಣಕ್ಕೆ ಅವರ ತುಕಡಿಯನ್ನು ಕಳಿಸಿದ್ದರಂತೆ. ಅಪ್ಪಣೆ, ಮ್ಯಾಜಿಸ್ಟ್ರೇಟು ಎಲ್ಲ ಸರಿಯಾಗಿಯೇ ಇತ್ತು.

"ಎದುರ್ಗಿರೋನು ಶತ್ರು ಅಂತ ಕಲ್ತಿದ್ದ ಕಣ್ಣು ಅಕ್ಕ ನಂದು. ಅಲ್ಲಿ ಎದುರ್ಗೆ ನಿಂತಿದ್ದೋಳು ನಿನ್ ಥರ ಇದ್ಲು. ಕೈಲಿ ಕಲ್ಲಿತ್ತು. ನಾನು ಬಂದೂಕ ಇಳಿಸ್ನಿಲ್ಲ, ಅವ್ಳು ಕಲ್ಲ ಇಳಿಸ್ನಿಲ್ಲ. ಯಾರ್ಗೂ ಏನೂ ಆಗ್ನಿಲ್ಲ. ಆದ್ರೂ ಅವತ್ತಿಂದ ನಂಗೆ ಆ ಮೊಕ ಓಗಿಲ್ಲ."

ಅವ್ವ ಎದ್ದು ಹೋಗಿ ಅಪ್ಪನಿಗೆಂದು ಕಟ್ಟುತ್ತಿದ್ದ ಬುತ್ತಿಗೆ ಇನ್ನೊಂದು ರೊಟ್ಟಿ ಸೇರಿಸಿದಳು. ಮಾವ ಅದನ್ನು ಹಿಡಿದುಕೊಂಡು, ಅದೇ ಪಂಚೆ ಟವೆಲಿನಲ್ಲಿ ಬಸ್ಸು ಹತ್ತಿ ಹೋಗಿ ಅಪ್ಪನ ಪಕ್ಕದಲ್ಲಿ ಕೂತರು. ಬೆಲೆಯೇನೂ ಆಕಾಶಕ್ಕೆ ಏರಲಿಲ್ಲ. ಮಾತುಕತೆಯಾಗಿ ಒಂದಿಷ್ಟು ಹೆಚ್ಚಿತು, ಹರಾಜು ಶುರುವಾಯಿತು. ಬ್ಯಾಂಕಿನ ಕೆಲಸ ಮಾವನಿಗೆ ಸಿಗಲಿಲ್ಲ, ಮಗಳ ಮದುವೆ ಮುಂದಕ್ಕೆ ಹೋಯಿತು. ಮಾವನ ಹೆಂಡತಿ, ನಮ್ಮತ್ತೆ, ಎಷ್ಟೋ ದಿನ ಮುಖ ಗಂಟು ಹಾಕಿಕೊಂಡಿದ್ದರು. ಮಾವ ಬದುಕಿರುವವರೆಗೂ ತಂಬಾಕು ಹದ ಮಾಡುವ ಬ್ಯಾರನ್ ಮನೆಯ ಉರಿಯ ಮುಂದೆ ಬೆವರು ಸುರಿಸಿದರು. ಆ ಕೆಲಸ ಕೈಬಿಟ್ಟದ್ದಕ್ಕೆ ಅವರು ಒಂದು ದಿನವೂ ಪಶ್ಚಾತ್ತಾಪ ಪಟ್ಟಿದ್ದನ್ನು ನಾನು ಕಾಣೆ. ನನಗಂತೂ ಅವರ ಮೇಲೆ ಈಗಲೂ ಹೆಮ್ಮೆ ಉಕ್ಕುತ್ತದೆ.

ನೋಡಿ, ಮಾವ ನಿಜವಾದ ಸಮವಸ್ತ್ರವನ್ನೇ ಆ ಗೇಟಿಗೆ ಒಯ್ಯಲಿಲ್ಲ. ನಾನು ಕೂತು ಸುಳ್ಳು ಸಮವಸ್ತ್ರ ಹೊಲಿದು ಕಳಿಸಲೇ?

ಮಾರನೆಯ ದಿನ ಗಿರಾಕಿ ಬರುವಷ್ಟರಲ್ಲಿ ಗಂಟನ್ನು ಮತ್ತೆ ಕಟ್ಟಿಟ್ಟಿದ್ದೆ. ಕತ್ತರಿ ಮುಟ್ಟಿಸಿರಲಿಲ್ಲ. ಮೊದಲು ಅವರು ನಕ್ಕರು, ಆಮೇಲೆ ಕೂಲಿ ಹೆಚ್ಚು ಮಾಡಿದರು, ಕೊನೆಗೆ ಈ ಊರಿನಲ್ಲಿ ನೀನೊಬ್ಬಳೇ ಟೈಲರ್ರಾ ಎಂದು ರೇಗಿದರು.

"ಬ್ಯಾರೆ ಕಡೆ ಹೊಲಿಸ್ಕೊಳಿ" ಎಂದೆ. "ಆ ಗೇಟಲ್ಲಿ ಕೂರೋನು ನನ್ ತಮ್ಮ. ಇದ ನೋಡಿ ಅವ್ನು ಏಳಾಕಿಲ್ಲ, ಪಕ್ಕದಲ್ಲಿ ನಾನಿರ್ತೀನಿ."

ಹೀಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಪ್ಪ ಹೋದ ಮೇಲೆ ಹೊಲ ನೋಡಿಕೊಳ್ಳುವ ತಮ್ಮನಿಗೆ ಆಮೇಲೆ ಫೋನು ಮಾಡಿ, ರೈತರು ಕೂರುವ ದಿನ ತಿಳಿಸು, ಅಂಗಡಿಗೆ ಬೀಗ ಹಾಕಿ ಬರುತ್ತೇನೆ ಎಂದೆ. ನೀನು ಬಂದು ಏನು ಮಾಡ್ತೀಯಕ್ಕ ಎಂದು ಅವನು ನಕ್ಕ. ಬುತ್ತಿ ತರ್ತೀನಿ, ಮೊದಲ ಸಾಲಿನಲ್ಲಿ ಜಾಗ ಹಿಡಿದಿರು ಎಂದೆ.